ಅಫ್ಘಾನಿಸ್ತಾನದ ಹೆಣ್ಣುಮಕ್ಕಳ ಓದಿಗೆ 1,80,000 ಕೂಡಿಸಿದ್ದೇವೆ. ಯಾರಿಗೆ ಕೊಡೋದು, ಹೇಗೆ ಕೊಡೋದು?

ಸರಸ್ವತಿಪುರಂ ಬಳಗ (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ 22 ಜನ ಹೆಂಗಸರು. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಬೇರೆ ಒಂದು ಕೆಲಸಕ್ಕೆ ಕೈ ಹಾಕಿದ್ದೇವೆ. ತಿಳಿದವರ ಸಲಹೆ ಬೇಕು.

ನಮ್ಮ ಮನೆ ಮಹಡಿಯಲ್ಲಿ ಎರಡು ವರ್ಷ ಒಬ್ಬ ಅಫ್ಘನ್ ಹುಡುಗಿ ಬಾಡಿಗೆಗಿದ್ದಳು. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಾ ಅಳುತ್ತಿದ್ದಳು. ಒಳಗೆ ಕರೆದು ಕಾಫಿ ಕೊಟ್ಟೆ. ಊರಿನಲ್ಲಿರುವ ತಂಗಿ ಮತ್ತೆ ಆರನೇ ಕ್ಲಾಸಿಗೆ ಸೇರಿದಳಂತೆ. ಮೂರನೇ ಸಲ. "ಫೇಲಾದಳಾ?" ಅಂತ ಕೇಳಿದೆ. "ಇಲ್ಲ ಆಂಟಿ, ಕ್ಲಾಸಿಗೇ ಫಸ್ಟು. ಆದರೆ ಹುಡುಗಿಯರಿಗೆ ಏಳನೇ ಕ್ಲಾಸೇ ಇಲ್ಲ. ಮನೇಲಿ ಕೂರೋ ಬದಲು ಅದನ್ನೇ ಮತ್ತೆ ಓದ್ತಾಳೆ. ಅವಳ ಟೀಚರ್ ಏನೂ ಅನ್ನದೆ ಕೂರಿಸಿಕೊಳ್ಳುತ್ತಾರೆ" ಅಂದಳು.

ನನ್ನ ಮೊಮ್ಮಗಳೂ ಈ ವರ್ಷ ಆರನೇ ಕ್ಲಾಸು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬಳಗದಲ್ಲಿ ಹೇಳಿದೆ. ದಸರಾ ಸಮಯದಲ್ಲಿ ಹಪ್ಪಳ, ಸಂಡಿಗೆ, ಪುಳಿಯೋಗರೆ ಗೊಜ್ಜು ಮಾಡಿ ಮಾರಿದೆವು. ಮೂರು ಜನ ರೇಷ್ಮೆ ಸೀರೆ ಕೊಟ್ಟರು, ಅವನ್ನೂ ಮಾರಿದೆವು. ಒಟ್ಟು 1,80,000 ರೂಪಾಯಿ ಆಗಿದೆ.

ನಮ್ಮ ಆಸೆ ಇಷ್ಟು. ಅಲ್ಲಿನ ನಾಲ್ಕೈದು ಹುಡುಗಿಯರನ್ನು ಆರಿಸಿ, ಒಬ್ಬೊಬ್ಬರ ಓದಿನ ಖರ್ಚು ನೋಡಿಕೊಳ್ಳಬೇಕು. ಅವರ ಫೋಟೋ, ಹೆಸರು, ವರ್ಷಕ್ಕೆ ಒಂದು ಪತ್ರ ಬಂದರೆ ದುಡ್ಡು ಕೊಟ್ಟವರಿಗೂ ಸಮಾಧಾನ. ಇಂಥ ಕೆಲಸ ಮಾಡುವ ಸಂಸ್ಥೆ ಯಾವುದು? ಇಲ್ಲಿಂದ ಹಣ ಕಳಿಸೋದು ಹೇಗೆ? ದಯವಿಟ್ಟು ತಿಳಿಸಿ.

---

ಹಾಜರಿ ಪುಸ್ತಕ (ಬೀದರ್):

ಅಕ್ಕ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಬೆಳಿಗ್ಗೆ ಎದ್ದು ಮತ್ತೆ ಓದಿದೆ. ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೀವು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದ ಒಬ್ಬರಿದ್ದಾರೆ. ಏನೂ ಅನ್ನದೆ ಆ ಹುಡುಗಿಯನ್ನು ಮೂರನೇ ಸಲ ಕೂರಿಸಿಕೊಂಡ ಟೀಚರ್. ನಿಮ್ಮ ದುಡ್ಡು ಹೋಗಬೇಕಾದ್ದು ಅಂಥವರ ಕೈಗೆ. ಹುಡುಗಿಯರನ್ನು ಆರಿಸಬೇಡಿ. ಫೋಟೋ ಅಂತೂ ಕೇಳಲೇಬೇಡಿ. ಯಾಕೆ ಅಂತ ಹೇಳುತ್ತೇನೆ.

ನಾನು ಬೀದರ್ ಜಿಲ್ಲೆಯವಳು. ಎಂಟು ವರ್ಷ ಮಹಿಳಾ ಸಮಖ್ಯಾದಲ್ಲಿ, ಅಂದರೆ ಹಳ್ಳಿ ಹೆಂಗಸರ ಸಂಘ ಕಟ್ಟುವ ಸರ್ಕಾರಿ ಕಾರ್ಯಕ್ರಮದಲ್ಲಿ, ಸಹಯೋಗಿನಿಯಾಗಿ ಹತ್ತು ಹಳ್ಳಿ ನೋಡಿಕೊಂಡೆ. ಆಮೇಲೆ 2009ರಿಂದ 2011ರವರೆಗೆ ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ ಒಂದು ಸಂಸ್ಥೆಗೆ ಶಿಕ್ಷಕರ ತರಬೇತಿ ಕೊಡಲು ಹೋಗಿದ್ದೆ. ಬುದ್ಧನ ಎರಡು ದೊಡ್ಡ ವಿಗ್ರಹಗಳನ್ನು 2001ರಲ್ಲಿ ಒಡೆದರಲ್ಲ, ಅದೇ ಊರು. ಆಗ ಅಲ್ಲಿ ಹಬೀಬಾ ಸರಾಬಿ ಗವರ್ನರ್ ಆಗಿದ್ದರು. ಆ ದೇಶದ ಮೊದಲ ಮಹಿಳಾ ಗವರ್ನರ್ ಅವರು. ನಮ್ಮ ಕಡೆಯ ದಖನಿ ಉರ್ದು ನನಗೆ ಬರುತ್ತಿತ್ತು, ಅದಕ್ಕೇ ನನ್ನನ್ನು ಆರಿಸಿದ್ದರು. ಅಲ್ಲಿನ ದರಿ ಭಾಷೆ, ಅಂದರೆ ಅಲ್ಲಿನ ಫಾರ್ಸಿ, ಮೂರು ತಿಂಗಳಲ್ಲಿ ಕಿವಿಗೆ ಹೊಂದಿಕೊಂಡಿತು. ಕಾಗದ, ದೌತಿ, ಹಾಜರಿ, ಇವೆಲ್ಲ ಫಾರ್ಸಿಯಿಂದಲೇ ನಮ್ಮಲ್ಲಿಗೆ ಬಂದ ಮಾತುಗಳು. ಮೊದಲ ದಿನ ಕ್ಲಾಸಿಗೆ ಹೋದಾಗ ಟೀಚರ್ ಹೆಸರು ಕೂಗಿದರು, ಮಕ್ಕಳು "ಹಾಜಿರ್, ಹಾಜಿರ್" ಅಂತ ಉತ್ತರ ಕೊಟ್ಟರು. ನನಗೆ ನಮ್ಮ ಭಾಲ್ಕಿ ಕಡೆಯ ಶಾಲೆಯಲ್ಲೇ ಕೂತ ಹಾಗಾಯಿತು. ನಾನು ಇಲ್ಲಿ ಇಟ್ಟುಕೊಂಡ ಹೆಸರೂ ಅದರಿಂದಲೇ.

ಕ್ಲಾಸು ಅಂದರೆ ಕಟ್ಟಡ ಅಲ್ಲ. ಊರಿನವರು ಬಿಟ್ಟುಕೊಟ್ಟ ಒಂದು ಮಣ್ಣಿನ ಕೋಣೆ. ಕೆಲವು ಕಡೆ ಮಸೀದಿಯ ಪಕ್ಕದ ಕೋಣೆ, ಕೆಲವು ಕಡೆ ಯಾರದೋ ಮನೆಯ ಅತಿಥಿ ಕೋಣೆ. ನೆಲದ ಮೇಲೆ ಚಾಪೆ, ಗೋಡೆಗೆ ಒರಗಿಸಿದ ಕಪ್ಪು ಹಲಗೆ, ನಡುವೆ ಬುಖಾರಿ, ಅಂದರೆ ತಗಡಿನ ಒಲೆ. ಚಳಿ ಶುರುವಾದ ಮೇಲೆ ಪ್ರತಿ ಮಗು ಮನೆಯಿಂದ ಒಂದೊಂದು ಕುಳ್ಳು ತರುತ್ತಿತ್ತು. ಹೌದು, ನಮ್ಮ ಹಾಗೆಯೇ ಸಗಣಿ ಕುಳ್ಳು. ಮಕ್ಕಳು ಪುಸ್ತಕದ ಚೀಲ ಒಂದು ಕೈಯಲ್ಲಿ, ಕುಳ್ಳು ಒಂದು ಕೈಯಲ್ಲಿ ಹಿಡಿದು ಮಂಜಿನಲ್ಲಿ ನಡೆದು ಬರುತ್ತಿದ್ದರು.

ಬಾಗಿಲ ಹೊರಗೆ ಚಪ್ಪಲಿಗಳ ಸಾಲು. ಹೆಚ್ಚಿನವು ರಬ್ಬರ್ ಬೂಟು, ಅಕ್ಕನ ಬೂಟು ತಂಗಿಗೆ, ಅಣ್ಣನ ಬೂಟು ತಮ್ಮನಿಗೆ. ನಾನು ಒಳಗೆ ಹೋಗೋ ಮೊದಲು ಅವನ್ನು ಎಣಿಸುತ್ತಿದ್ದೆ. ಹಾಜರಿ ಪುಸ್ತಕದಲ್ಲಿ 31 ಇದ್ದು ಹೊರಗೆ 19 ಜೊತೆ ಇದ್ದರೆ ಊರಲ್ಲಿ ಏನೋ ಆಗಿದೆ ಅಂತ ಗೊತ್ತಾಗುತ್ತಿತ್ತು. ಮದುವೆ ಇರಬಹುದು, ಆಲೂಗಡ್ಡೆ ಕೀಳುವ ಕಾಲ ಇರಬಹುದು. ಅಥವಾ ದಾರಿಯಲ್ಲಿ ಯಾರೋ ಹೆದರಿಸಿರಬಹುದು.

ಊರಿನವರೇ ನಡೆಸುವ ಶಾಲೆ ಅಂದರೆ ಅಲ್ಲಿ ಏನು ಅಂತ ಹೇಳಬೇಕು. ಊರಿನ ಹಿರಿಯರದ್ದು ಒಂದು ಶುರಾ ಇರುತ್ತದೆ, ನಮ್ಮ ಪಂಚಾಯ್ತಿ ಕಟ್ಟೆ ಇದ್ದ ಹಾಗೆ. ಕೋಣೆ, ಉರುವಲು, ಕಾವಲು ಅವರ ಜವಾಬ್ದಾರಿ. ಟೀಚರ್ ಯಾರಾಗಬೇಕು ಅಂತ ಹೇಳೋದೂ ಅವರೇ. ಪಠ್ಯಪುಸ್ತಕ ಸರ್ಕಾರದ್ದೇ. ಸಂಬಳ, ತರಬೇತಿ, ನೋಟ್‌ಪುಸ್ತಕ, ಪೆನ್ಸಿಲ್ ಸಂಸ್ಥೆ ಕೊಡುತ್ತದೆ. ಮಕ್ಕಳ ಹೆಸರು ಹತ್ತಿರದ ದೊಡ್ಡ ಸರ್ಕಾರಿ ಶಾಲೆಯ ದಾಖಲೆಯಲ್ಲಿ ಇರುತ್ತದೆ, ಹಾಗಾಗಿ ಮುಂದೆ ಅಲ್ಲಿಗೆ ಸೇರಲು ತೊಂದರೆ ಇಲ್ಲ. ಟೀಚರ್ ಆಗಿ ಬರೋದು ಹೆಚ್ಚಾಗಿ ಅದೇ ಊರಿನ ಸೊಸೆ, ಎಂಟನೆಯೋ ಹತ್ತನೆಯೋ ಓದಿದವಳು. ಊರಿನವರಿಗೆ ಅವಳ ಮಾವ ಗೊತ್ತು, ಅತ್ತೆ ಗೊತ್ತು. ಹೊರಗಿನಿಂದ ಬಿ.ಎ. ಓದಿದ ಗಂಡಸು ಬಂದರೆ ಕಳಿಸದ ಹೆಣ್ಣುಮಕ್ಕಳನ್ನು ಇವಳ ಹತ್ತಿರ ಕಳಿಸುತ್ತಿದ್ದರು.

ಇದು ನನ್ನ ಅನುಭವದ ಮಾತು ಮಾತ್ರ ಅಲ್ಲ. ಬಾಮಿಯಾನ್‌ಗೆ ಪಕ್ಕದ ಘೋರ್ ಪ್ರಾಂತ್ಯದಲ್ಲಿ ಡಾನಾ ಬರ್ಡ್ ಮತ್ತು ಲೀ ಲಿಂಡನ್ ಅನ್ನುವ ಇಬ್ಬರು ಸಂಶೋಧಕರು 2007ರಲ್ಲಿ ಅಳೆದು ನೋಡಿದರು. 31 ಹಳ್ಳಿಗಳಲ್ಲಿ 13ಕ್ಕೆ ಚೀಟಿ ಎತ್ತಿದ ಹಾಗೆ ಮೊದಲು ಶಾಲೆ ಕೊಟ್ಟರು, ಉಳಿದವಕ್ಕೆ ಆಮೇಲೆ. ಹಳ್ಳಿಯ ಒಳಗೇ ಶಾಲೆ ಬಂದ ಕಡೆ ನೂರು ಹುಡುಗರಲ್ಲಿ 35 ಜನ ಜಾಸ್ತಿ ಶಾಲೆಗೆ ಹೋದರು. ನೂರು ಹುಡುಗಿಯರಲ್ಲಿ 52 ಜನ ಜಾಸ್ತಿ ಹೋದರು. ಹೆಣ್ಣು ಗಂಡಿನ ನಡುವೆ ದಾಖಲಾತಿಯಲ್ಲಿದ್ದ ಅಂತರವೇ ಹೋಯಿತು. ಅದೇ ಜನ, ಅದೇ ಧರ್ಮ, ಅದೇ ಬಡತನ. ಬದಲಾದದ್ದು ದೂರ ಮಾತ್ರ. ಅಫ್ಘನ್ನರು ಹೆಣ್ಣುಮಕ್ಕಳನ್ನು ಓದಿಸಲು ಒಪ್ಪೋದಿಲ್ಲ ಅಂತ ಯಾರಾದರೂ ನಿಮಗೆ ಹೇಳಿದರೆ ಈ 31 ಹಳ್ಳಿಗಳ ಕಥೆ ಹೇಳಿ.

ಈಗ ಫೋಟೋ ವಿಷಯ.

ನಮ್ಮ ಸಂಸ್ಥೆಗೆ ದುಡ್ಡು ಕೊಡುತ್ತಿದ್ದವರು ಪ್ರತಿ ಆರು ತಿಂಗಳಿಗೆ ಮಕ್ಕಳ ಫೋಟೋ ಕೇಳುತ್ತಿದ್ದರು. ಹೆಸರು, ವಯಸ್ಸು, ತಂದೆಯ ಹೆಸರು ಸಮೇತ. ನಾನೇ ತೆಗೆದು ಕಳಿಸುತ್ತಿದ್ದೆ. ಒಬ್ಬ ಹುಡುಗಿ ಇದ್ದಳು, ಹತ್ತು ವರ್ಷದವಳು, ಹಸಿರು ಓಢಣಿ ಹಾಕಿಕೊಂಡು ಹಲಗೆಯ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದಳು. ಬಹಳ ಚೆಂದದ ಫೋಟೋ. ಅದನ್ನು ಮರುವರ್ಷದ ಕ್ಯಾಲೆಂಡರಿಗೆ ಹಾಕಿದರು. ಆ ಕ್ಯಾಲೆಂಡರಿನ ಒಂದು ಪ್ರತಿ ಹೇಗೋ ಬಾಮಿಯಾನ್ ಬಜಾರಿನ ಒಂದು ಅಂಗಡಿಯ ಗೋಡೆಗೆ ಬಂತು. ಆಲೂಗಡ್ಡೆ ಮಾರಲು ಬಂದ ಅವಳ ತಂದೆ ಮಗಳ ಮುಖವನ್ನು ಅಲ್ಲಿ ನೋಡಿದರು, ಹತ್ತು ಜನ ಗಂಡಸರ ನಡುವೆ.

ಮುಂದಿನ ವಾರ ನಾನು ಹೋದಾಗ ಅವಳ ಬೂಟು ಸಾಲಿನಲ್ಲಿ ಇರಲಿಲ್ಲ. ಅವರ ಮನೆಗೆ ಹೋದೆ. ಅವರು ನನ್ನನ್ನು ಬೈಯಲಿಲ್ಲ, ಚಹಾ ಕೊಟ್ಟರು. "ನೀವು ನನ್ನ ಮಗಳಿಗೆ ಓದು ಕಲಿಸುತ್ತೀರಿ ಅಂತ ಕಳಿಸಿದ್ದೆ. ಅವಳನ್ನು ಊರಿಗೆಲ್ಲ ತೋರಿಸುತ್ತೀರಿ ಅಂತ ಗೊತ್ತಿರಲಿಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಶುರಾದ ಹಿರಿಯರು ಎರಡು ತಿಂಗಳು ಓಡಾಡಿದ ಮೇಲೆ ಅವಳು ಮತ್ತೆ ಬಂದಳು. ಬಾರದೇ ಇದ್ದಿದ್ದರೆ ಅದಕ್ಕೆ ಕಾರಣ ತಾಲಿಬಾನ್ ಆಗುತ್ತಿರಲಿಲ್ಲ, ನಾನು ತೆಗೆದ ಫೋಟೋ ಆಗುತ್ತಿತ್ತು.

ಅದು ಆಗಿನ ಮಾತು, ಕಾಲ ಎಷ್ಟೋ ಒಳ್ಳೆಯದಿತ್ತು. 2021ರ ಆಗಸ್ಟ್ 15ರಂದು ತಾಲಿಬಾನ್ ಮತ್ತೆ ಕಾಬೂಲ್ ಹಿಡಿದ ನಂತರ ಪರಿಸ್ಥಿತಿ ಏನು ಅಂತ ನಿಮಗೆ ಗೊತ್ತು. 2022ರ ಮಾರ್ಚ್ 23ರಂದು ಹುಡುಗಿಯರ ಹೈಸ್ಕೂಲು ತೆರೆಯುತ್ತೇವೆ ಅಂದರು. ನೌರೋಜ್, ಅಂದರೆ ಹೊಸ ವರ್ಷದ ಹಬ್ಬ, ಮುಗಿದ ಮೇಲೆ ಅಲ್ಲಿ ಶಾಲೆಯ ವರ್ಷ ಶುರು. ಹುಡುಗಿಯರು ಸಮವಸ್ತ್ರ ಹಾಕಿಕೊಂಡು ಹೋದರು, ಕೆಲವೇ ಗಂಟೆಯಲ್ಲಿ ವಾಪಸ್ ಕಳಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಅವರಿಗೆ ಯೂನಿವರ್ಸಿಟಿ ಬಾಗಿಲೂ ಮುಚ್ಚಿತು. 2024ರ ಡಿಸೆಂಬರಿನಲ್ಲಿ ನರ್ಸ್, ಸೂಲಗಿತ್ತಿ ತರಬೇತಿಗೂ ಹೋಗಬಾರದು ಅಂದರು. ಊರೂರಿಗೆ ಬೈಕಿನಲ್ಲಿ ಪುಸ್ತಕ ಒಯ್ದು ಹೆಣ್ಣುಮಕ್ಕಳನ್ನು ಓದಿಸಿ ಅಂತ ಹೇಳುತ್ತಿದ್ದ ಮತೀವುಲ್ಲಾ ವೆಸಾ ಅವರನ್ನು 2023ರ ಮಾರ್ಚಿನಲ್ಲಿ ಹಿಡಿದು ಏಳು ತಿಂಗಳು ಜೈಲಿನಲ್ಲಿಟ್ಟರು. ಇಂಥ ಕಡೆ ಒಬ್ಬ ಹುಡುಗಿಯ ಹೆಸರು, ಮುಖ, ಊರು ಮೈಸೂರಿನ ಒಂದು ವಾಟ್ಸಾಪ್ ಗ್ರೂಪಿಗೆ ಬಂದರೆ ಅದು ಅಲ್ಲೇ ನಿಲ್ಲೋದಿಲ್ಲ ಅಕ್ಕ.

ಶಬಾನಾ ಬಾಸಿಜ್ ರಸಿಖ್ ಅಂತ ಒಬ್ಬರಿದ್ದಾರೆ. ಚಿಕ್ಕವಳಿದ್ದಾಗ, ಮೊದಲ ತಾಲಿಬಾನ್ ಕಾಲದಲ್ಲಿ, ಹುಡುಗನ ಬಟ್ಟೆ ಹಾಕಿಕೊಂಡು ಕಾಬೂಲಿನ ಗುಟ್ಟಿನ ಶಾಲೆಗೆ ಹೋದವರು. ದೊಡ್ಡವರಾದ ಮೇಲೆ ಹುಡುಗಿಯರಿಗೆ ಒಂದು ವಸತಿ ಶಾಲೆ ಕಟ್ಟಿದರು. 2021ರಲ್ಲಿ ಕಾಬೂಲ್ ಬಿದ್ದಾಗ ಅವರು ತಮ್ಮ ವಿದ್ಯಾರ್ಥಿನಿಯರ ದಾಖಲೆಗಳನ್ನೆಲ್ಲ ಕೈಯಾರೆ ಸುಟ್ಟರು. ಆಮೇಲೆ ಶಾಲೆಯನ್ನೇ ರುವಾಂಡಾಕ್ಕೆ ಒಯ್ದರು. ಶಾಲೆ ಕಟ್ಟಿದವರೇ ಮಕ್ಕಳ ಹೆಸರನ್ನು ಬೆಂಕಿಗೆ ಹಾಕಬೇಕಾಗಿ ಬಂತು. ಇದನ್ನು ನಿಮ್ಮ ಬಳಗದಲ್ಲಿ ದಯವಿಟ್ಟು ಓದಿ ಹೇಳಿ, ಫೋಟೋ ಯಾಕೆ ಬೇಡ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

---

ವಿದೇಶಿ ವಿನಿಮಯ, ನಿವೃತ್ತ (ಹುಬ್ಬಳ್ಳಿ):

ನಾನು ಬ್ಯಾಂಕಿನಲ್ಲಿ 30 ವರ್ಷ ಇದೇ ವಿಭಾಗದಲ್ಲಿದ್ದೆ. ಹಣದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಭಾರತದಲ್ಲಿ ವಾಸಿಸುವ ಯಾವುದೇ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ದಾನವೂ ಅದರಲ್ಲಿ ಬರುತ್ತದೆ. ಪ್ಯಾನ್ ಬೇಕು, ಬ್ಯಾಂಕಿನಲ್ಲಿ ಎ2 ಅನ್ನುವ ಫಾರ್ಮ್ ತುಂಬಬೇಕು. ವರ್ಷಕ್ಕೆ 10 ಲಕ್ಷ ದಾಟದಿದ್ದರೆ ಮೂಲದಲ್ಲಿ ತೆರಿಗೆ ಹಿಡಿಯೋದಿಲ್ಲ, ಹಾಗಾಗಿ ನಿಮ್ಮ ಮೊತ್ತಕ್ಕೆ ಆ ಚಿಂತೆ ಇಲ್ಲ. ಆದರೆ ಈ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ. ಬಳಗ, ಟ್ರಸ್ಟ್ ಹೆಸರಿನಲ್ಲಿ ಆಗೋದಿಲ್ಲ. 22 ಜನರ ದುಡ್ಡನ್ನು ಒಬ್ಬರ ಖಾತೆಗೆ ಹಾಕಿ ಕಳಿಸಿದರೆ ನಾಳೆ ಆ ಒಬ್ಬರೇ ಲೆಕ್ಕ ಕೊಡಬೇಕಾಗುತ್ತದೆ. ಮೂರು ನಾಲ್ಕು ಜನ ತಮ್ಮ ತಮ್ಮ ಖಾತೆಯಿಂದ ಕಳಿಸಿ, ಯಾರು ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹೊರದೇಶದ ಸಂಸ್ಥೆಗೆ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಸಿಗೋದಿಲ್ಲ.

ಅಫ್ಘಾನಿಸ್ತಾನದ ಬ್ಯಾಂಕಿಗೆ ನೇರವಾಗಿ ಕಳಿಸಲು ಹೋಗಬೇಡಿ. ನಿಮ್ಮ ಶಾಖೆಯವರು ಹಿಂದೆಮುಂದೆ ನೋಡುತ್ತಾರೆ, ನಡುವಿನ ಬ್ಯಾಂಕು ತಡೆ ಹಿಡಿಯಬಹುದು. ಯುರೋಪಿನಲ್ಲೋ ಅಮೆರಿಕದಲ್ಲೋ ನೋಂದಣಿಯಾಗಿ ಅಲ್ಲಿಂದ ಒಳಗೆ ಕೆಲಸ ಮಾಡುವ ಸಂಸ್ಥೆಗೆ ಕಳಿಸಿ. ಯಾರಾದರೂ "ನಮಗೆ ಇಲ್ಲಿ ನಗದು ಕೊಡಿ, ಅಲ್ಲಿ ಕೈಗೆ ಮುಟ್ಟಿಸುತ್ತೇವೆ" ಅಂದರೆ ಒಪ್ಪಲೇಬೇಡಿ. ಅದು ಹವಾಲಾ, ಕಾನೂನಿಗೆ ವಿರುದ್ಧ. ಒಳ್ಳೆಯ ಕೆಲಸಕ್ಕೆ ಅಂತ ಹೇಳಿದರೂ ಕೇಸು ಕೇಸೇ.

---

ಮಾನ್ವಿ ಮೇಷ್ಟ್ರು (ರಾಯಚೂರು):

ಎಲ್ಲರಿಗೂ ಶರಣು. ನನ್ನ ಮಾತಿಗೆ ಬೇಜಾರಾಗಬೇಡಿ, ಮನಸ್ಸಿನಲ್ಲಿದ್ದದ್ದನ್ನು ಕೇಳುತ್ತೇನೆ. ನಮ್ಮ ಶಾಲೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಏಳನೇ ತರಗತಿಯ ಹೆಣ್ಣುಮಕ್ಕಳು ಖಾಲಿ. ಹೈಸ್ಕೂಲು 6 ಕಿಲೋಮೀಟರು, ಬಸ್ಸು ದಿನಕ್ಕೆ ಎರಡು. ಕಳೆದ ವರ್ಷ ಇಬ್ಬರಿಗೆ ಮದುವೆ ಗೊತ್ತುಮಾಡಿದ್ದರು, ನಾನು, ಅಂಗನವಾಡಿ ಟೀಚರ್ ಸೇರಿ ತಡೆದೆವು. ಇಷ್ಟೆಲ್ಲ ಇಲ್ಲೇ ಇರುವಾಗ ದುಡ್ಡು ಅಷ್ಟು ದೂರ ಯಾಕೆ?

---

ಹಾಜರಿ ಪುಸ್ತಕ:

ಸರ್, ಬೇಜಾರೇನಿಲ್ಲ. ನೀವು ಮದುವೆ ತಡೆದದ್ದಕ್ಕೆ ಕೈಮುಗಿಯುತ್ತೇನೆ.

ನಿಮ್ಮ ಶಾಲೆಯ ಹುಡುಗಿಗೆ 6 ಕಿಲೋಮೀಟರು ಅಡ್ಡ ಇದೆ. ಬಸ್ಸು, ಹಾಸ್ಟೆಲ್, ಸೈಕಲ್ ಕೊಟ್ಟರೆ ಅವಳು ದಾಟುತ್ತಾಳೆ. ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಹಳ್ಳಿಗಳ ರಸ್ತೆಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ನೀವು ಯಾರ ಮೇಲಾದರೂ ದೂರು ಕೊಡಬಹುದು, ಎಂ.ಎಲ್.ಎ. ಮನೆ ಮುಂದೆ ಕೂರಬಹುದು. ಮದುವೆ ತಡೆಯಲು ನಿಮ್ಮ ಕೈಯಲ್ಲಿ ಕಾನೂನು ಇತ್ತು. ಅಲ್ಲಿ ಕಾನೂನೇ ಬಾಗಿಲು ಹಾಕಿದೆ. ಅಲ್ಲಿನ ಮೇಷ್ಟ್ರು ನಿಮ್ಮ ಹಾಗೆ ನಾಲ್ಕು ಜನರ ಮುಂದೆ ಹೀಗೆ ಬರೆಯಲೂ ಆಗೋದಿಲ್ಲ. ಈ ಬಳಗದವರು ಅಲ್ಲಿಗೆ ಕೊಟ್ಟರೆ ನಿಮ್ಮ ಮಕ್ಕಳದ್ದು ಕಡಿಮೆಯಾಗೋದಿಲ್ಲ. ಹಪ್ಪಳ ಮಾರಿ ಒಂದು ಸಲ ದುಡ್ಡು ಕೂಡಿಸಿದ ಹೆಂಗಸರು ಎರಡನೇ ಸಲವೂ ಕೂಡಿಸುತ್ತಾರೆ. ಇದು ಸಂಘಗಳಲ್ಲಿ ನಾನು ಕಂಡದ್ದು.

ಇನ್ನೊಂದು ಮಾತು. ಅಲ್ಲಿ ನನ್ನ ಕೈ ಹಿಡಿದದ್ದು ಇಲ್ಲಿ ಕಲಿತದ್ದು. ಬೀದರಿನಲ್ಲಿ ಶುರುವಿಗೆ ನಾವು ಸಂಜೆ ಆರಕ್ಕೆ ಸಂಘದ ಸಭೆ ಕರೆಯುತ್ತಿದ್ದೆವು. ಯಾರೂ ಬರುತ್ತಿರಲಿಲ್ಲ. ಒಬ್ಬ ಅಜ್ಜಿ ಹೇಳಿದಳು, "ಆರಕ್ಕೆ ಒಲಿ ಮುಂದ ಇರ್ತೀವಿ ಬಾಯಿ, ರೊಟ್ಟಿ ಆದ ಮ್ಯಾಲ ಕರಿ." ರಾತ್ರಿ ಒಂಬತ್ತಕ್ಕೆ ಕರೆದೆವು, ಸಂಘದ ಮನೆ ತುಂಬಿತು. ಬಾಮಿಯಾನ್‌ನ ಒಂದು ಹಳ್ಳಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಕ್ಲಾಸು ಅಂತ ಆಫೀಸಿನಿಂದ ಬರೆದು ಬಂದಿತ್ತು. ಗಂಡುಮಕ್ಕಳ ಬೂಟುಗಳೇ ಜಾಸ್ತಿ. ಅಲ್ಲಿನ ತಾಯಂದಿರನ್ನು ಕೂರಿಸಿಕೊಂಡು ಕೇಳಿದೆ. ಎಂಟಕ್ಕೆ ಹುಡುಗಿಯರು ನೀರು ತರುತ್ತಾರೆ, ತಂದೂರಿನ ಮುಂದೆ ಇರುತ್ತಾರೆ, ಹತ್ತಕ್ಕೆ ಇಡಿ ಅಂದರು. ಇಟ್ಟೆವು. ಒಂದು ವಾರದಲ್ಲಿ ಬಾಗಿಲ ಮುಂದೆ ಕಾಲಿಡಲು ಜಾಗ ಇಲ್ಲದಷ್ಟು ಬೂಟು. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ಆಫೀಸಿನಲ್ಲಿ ಒಪ್ಪಿಗೆ ಪಡೆಯಲು ಮಾತ್ರ ನಾಲ್ಕು ತಿಂಗಳು ಬೇಕಾಯಿತು.

---

ಯಮುನಾ ತೀರ (ದೆಹಲಿ):

ನಾನು ದೆಹಲಿ ಕನ್ನಡಿಗ. ದೆಹಲಿಯ ಲಾಜಪತ್ ನಗರ, ಭೋಗಲ್ ಕಡೆ ಅಫ್ಘನ್ ನಿರಾಶ್ರಿತ ಕುಟುಂಬಗಳು ಬಹಳ ಇವೆ. ಭಾನುವಾರ ನಾವು ನಾಲ್ಕು ಜನ ಸೇರಿ ಅಲ್ಲಿನ ಮಕ್ಕಳಿಗೆ ಹಿಂದಿ, ಗಣಿತ ಹೇಳಿಕೊಡುತ್ತೇವೆ. ಹೇಳಿಕೊಡುವ ಜಾಗ ಒಬ್ಬ ಅಫ್ಘನ್ ರೊಟ್ಟಿ ಅಂಗಡಿಯವರ ಮೇಲ್ಮಹಡಿ. ಕಾಬೂಲಿನಲ್ಲಿ ಟೀಚರ್ ಆಗಿದ್ದ ಇಬ್ಬರು ಹೆಂಗಸರೇ ಎಲ್ಲ ನಡೆಸೋದು, ನಾವು ಅವರು ಹೇಳಿದಷ್ಟು ಮಾಡುತ್ತೇವೆ. ಹಣ ಹೊರಗೆ ಕಳಿಸೋದು ಕಷ್ಟ ಅನಿಸಿದರೆ ದೇಶದ ಒಳಗೇ ಹೀಗೊಂದು ದಾರಿ ಇದೆ ಅಂತ ತಿಳಿಸಲು ಬರೆದೆ.

---

ಸರಸ್ವತಿಪುರಂ ಬಳಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಜರಿ ಪುಸ್ತಕ ಅವರು ಬರೆದದ್ದನ್ನು ನಿನ್ನೆ ಬಳಗದಲ್ಲಿ ಜೋರಾಗಿ ಓದಿದೆ. ಕ್ಯಾಲೆಂಡರಿನ ಕಥೆ ಬಂದಾಗ ಯಾರೂ ಮಾತಾಡಲಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಆರನೇ ಕ್ಲಾಸಿನ ಒಳಗಿನ ಮಕ್ಕಳಿಗೆ ಊರಿನ ಕ್ಲಾಸು ಸರಿ. ನಮ್ಮ ಮಹಡಿಯ ಹುಡುಗಿಯ ತಂಗಿಗೆ ಈಗ 14 ವರ್ಷ. ಅವಳಂಥವರಿಗೆ ಏನೂ ಇಲ್ಲವಾ? ಮತ್ತೆ, ಫೋಟೋ ಇಲ್ಲದೆ, ಹೆಸರಿಲ್ಲದೆ ಒಂದು ಸಂಸ್ಥೆಯನ್ನು ನಂಬೋದು ಹೇಗೆ?

---

ಹಾಜರಿ ಪುಸ್ತಕ:

ಏನೂ ಇಲ್ಲ ಅಂತ ಅಲ್ಲ ಅಕ್ಕ. ಅಲ್ಲಿನ ಹೆಂಗಸರಿಗೆ ಇದು ಎರಡನೇ ಸಲ. ಮೊದಲ ತಾಲಿಬಾನ್ ಕಾಲದಲ್ಲಿ ಸಕೀನಾ ಯಾಕೂಬಿ ಅವರು 1995ರಲ್ಲಿ ಕಟ್ಟಿದ ಸಂಸ್ಥೆ 80 ಮನೆಗಳ ಒಳಗೆ ಗುಟ್ಟಾಗಿ ಶಾಲೆ ನಡೆಯಲು ಬೆಂಬಲ ಕೊಟ್ಟಿತು, 3,000 ಹುಡುಗಿಯರು ಓದಿದರು. ಹೆರಾತ್ ಪಟ್ಟಣದಲ್ಲಿ ಹೆಂಗಸರು ಹೊಲಿಗೆ ಕ್ಲಾಸು ಅಂತ ಬೋರ್ಡು ಹಾಕಿ, ಚೀಲದಲ್ಲಿ ಬಟ್ಟೆಯ ಕೆಳಗೆ ಪುಸ್ತಕ ಇಟ್ಟುಕೊಂಡು ಹೋಗಿ ಸಾಹಿತ್ಯ ಓದುತ್ತಿದ್ದರು. ಆಗಲೂ ಬೇಕಾದದ್ದು ಒಂದು ಕೋಣೆ ಮತ್ತು ಬಾಯಿ ಬಿಡದ ಅಕ್ಕಪಕ್ಕದವರು.

ಈಗ ರೇಡಿಯೋ ಬೇಗಂ ಇದೆ. 2021ರ ಮಾರ್ಚ್ 8ರಂದು ಕಾಬೂಲಿನಲ್ಲಿ ಶುರುವಾದದ್ದು, ಹೆಂಗಸರೇ ನಡೆಸೋದು, ಶಾಲೆಯ ಪಾಠ ಹೇಳುತ್ತಾರೆ. 2025ರ ಫೆಬ್ರವರಿಯಲ್ಲಿ ಅಧಿಕಾರಿಗಳು ನುಗ್ಗಿ ನಿಲ್ಲಿಸಿದ್ದರು, ಮತ್ತೆ ಶುರುವಾಯಿತು. ಅವರದ್ದೇ ಟಿವಿ 2024ರಿಂದ ಪ್ಯಾರಿಸ್ಸಿನಿಂದ ಉಪಗ್ರಹದ ಮೂಲಕ ಬರುತ್ತದೆ, ಏಳನೆಯಿಂದ ಮೇಲಿನ ಪಾಠಗಳೂ ಇವೆ. ಆನ್‌ಲೈನ್ ಕ್ಲಾಸುಗಳೂ ಇವೆ. ಆದರೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ಎರಡು ದಿನ ಇಡೀ ದೇಶದ ಇಂಟರ್‌ನೆಟ್ಟೇ ನಿಂತಿತ್ತು, ನೆನಪಿದೆಯಾ? ಅಂಥ ದಿನ ರೇಡಿಯೋವೇ ಗತಿ. ಒಂದು ಮಾತು ಮುಚ್ಚಿಡಲಾರೆ. ಇದು ಯಾವುದೂ ಶಾಲೆಗೆ ಸಮ ಅಲ್ಲ. ಯುನೆಸ್ಕೋ ಲೆಕ್ಕದಲ್ಲಿ 2025ರ ಹೊತ್ತಿಗೆ 22 ಲಕ್ಷ ಹುಡುಗಿಯರು ಆರನೆಯ ಮೇಲೆ ಓದಲಾಗದೆ ಕೂತಿದ್ದಾರೆ.

ಹಾಗಂತ ಆರನೆಯ ಒಳಗಿನದ್ದು ಚಿಕ್ಕ ಕೆಲಸ ಅಲ್ಲ. ಊರಿನ ಕ್ಲಾಸುಗಳು ಇನ್ನೂ ನಡೆಯುತ್ತಿವೆ. 2023ರ ಸುಮಾರಿಗೆ ಯುನಿಸೆಫ್ ಒಂದೇ 20,000ದಷ್ಟು ಇಂಥ ಕ್ಲಾಸುಗಳಿಗೆ ನೆರವು ಕೊಡುತ್ತಿತ್ತು. ಸುಮಾರು 6 ಲಕ್ಷ ಮಕ್ಕಳು, ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು. ಓದು ಬರೆಹ ಬಂದ ಹುಡುಗಿ ಮನೆಯೊಳಗೆ ಕೂತರೂ ರೇಡಿಯೋ ಪಾಠ ಕೇಳಿ ಬರೆದುಕೊಳ್ಳುತ್ತಾಳೆ. ಅಕ್ಷರವೇ ಬಾರದವಳಿಗೆ ಅದೂ ಇಲ್ಲ.

ಇನ್ನು ನಂಬೋದು ಹೇಗೆ ಅಂತ. ಸಂಸ್ಥೆಗೆ ಪತ್ರ ಬರೆಯುವಾಗ ಟೀಚರ್ ಬಗ್ಗೆ ಕೇಳಿ. ಕಳೆದ ವರ್ಷ ಸಂಬಳ ಎಷ್ಟು ತಿಂಗಳು ತಡವಾಯಿತು ಅಂತ ಕೇಳಿ. ಪ್ರಾಮಾಣಿಕ ಸಂಸ್ಥೆ ಇಷ್ಟು ತಡವಾಯಿತು, ಇಂಥ ಕಾರಣಕ್ಕೆ ಅಂತ ಬರೆಯುತ್ತದೆ. ತಡವೇ ಆಗಿಲ್ಲ ಅಂದರೆ ನನಗೆ ಅನುಮಾನ ಬರುತ್ತದೆ. ಕ್ಲಾಸಿನ ಹೊತ್ತು ಯಾರು ಗೊತ್ತುಮಾಡಿದರು ಅಂತ ಕೇಳಿ. ಕೋಣೆ ಯಾರದ್ದು ಅಂತ ಕೇಳಿ. ಬಾಡಿಗೆ ಕೊಟ್ಟು ಹಿಡಿದ ಕೋಣೆಯಾದರೆ ಊರು ಇನ್ನೂ ಜೊತೆಗೆ ಬಂದಿಲ್ಲ ಅಂತ ಅರ್ಥ. ಎಷ್ಟು ಮಕ್ಕಳು, ಎಷ್ಟು ದಿನ ಹಾಜರು, ಇದು ಹೆಸರಿಲ್ಲದೆಯೂ ಕೊಡಬಹುದಾದ ಲೆಕ್ಕ. ಅವರ ಲೆಕ್ಕಪರಿಶೋಧನೆಯ ವರದಿ ತರಿಸಿಕೊಂಡು ಹುಬ್ಬಳ್ಳಿಯ ಸರ್‌ಗೆ ತೋರಿಸಿ.

ಮತ್ತೆ ಒಂದೇ ಸಲ ಎಲ್ಲ ಕೊಟ್ಟುಬಿಡಬೇಡಿ. ನಾನು ಇದ್ದ ಯೋಜನೆ ಮೂರು ವರ್ಷಕ್ಕೆ ಮುಗಿಯಿತು. ಮೂರನೇ ಕ್ಲಾಸು ಮುಗಿಸಿದ ಮಕ್ಕಳು ಇನ್ನು ದೊಡ್ಡ ಶಾಲೆಗೆ ಹೋಗಲಿ ಅಂತ ಕಾಗದದಲ್ಲಿ ಬರೆದಿತ್ತು. ದೊಡ್ಡ ಶಾಲೆ ಎರಡು ಗಂಟೆಯ ದಾರಿ. ಹುಡುಗರು ಹೋದರು. ಹುಡುಗಿಯರಲ್ಲಿ ಬಹಳ ಜನ ಮನೆಯಲ್ಲಿ ಉಳಿದರು. ಒಂದು ಹಳ್ಳಿಯಲ್ಲಿ ಮಾತ್ರ ಶುರಾದವರು ಕೂತು ಮಾತಾಡಿ, ಮನೆಗೆ ಇಷ್ಟು ಗೋಧಿ, ಇಷ್ಟು ಆಲೂಗಡ್ಡೆ ಅಂತ ಕೂಡಿಸಿ ಟೀಚರಿಗೆ ಕೊಟ್ಟು ಕ್ಲಾಸು ಮುಂದುವರಿಸಿದರು. ಅವಳು ಅತ್ತೆಯ ಕೈಗೆ ಮೊದಲ ಗೋಧಿ ಚೀಲ ಕೊಟ್ಟಾಗ ನಾನು ಅಲ್ಲೇ ಇದ್ದೆ. ಸೊಸೆ ಪಾಠ ಹೇಳೋದು ಯಾಕೆ ಅಂತ ಮೊದಲು ಗೊಣಗುತ್ತಿದ್ದ ಅತ್ತೆ ಆ ಚೀಲವನ್ನು ತಾನೇ ಬೆನ್ನ ಮೇಲೆ ಹೊತ್ತು ಒಳಗೆ ಒಯ್ದಳು. ಅಲ್ಲಿಂದ ಹೊರಟ ಮೇಲೂ ಆ ಕ್ಲಾಸಿನ ಸುದ್ದಿ ಎರಡು ವರ್ಷ ಬರುತ್ತಿತ್ತು, ನಡೆಯುತ್ತಿದೆ ಅಂತ. ಅಂಥ ಕಡೆ ನಿಮ್ಮ ವರ್ಷಕ್ಕೆ 60,000, ಮೂರು ವರ್ಷ, ತಪ್ಪದೆ ಹೋದರೆ ಅದರ ಬೆಲೆ ಬಹಳ.

---

ಸರಸ್ವತಿಪುರಂ ಬಳಗ:

ಹಾಗೇ ಮಾಡುತ್ತಿದ್ದೇವೆ. ವರ್ಷಕ್ಕೆ 60,000, ಮೂರು ಜನರ ಖಾತೆಯಿಂದ, ಟೀಚರ್ ಸಂಬಳಕ್ಕೆ ಅಂತಲೇ. ಮೂರು ಸಂಸ್ಥೆಗೆ ನೀವು ಹೇಳಿದ ಪ್ರಶ್ನೆಗಳನ್ನೇ ಕಳಿಸಿದ್ದೇವೆ. ಒಬ್ಬರಿಂದ ಉತ್ತರ ಬಂದಿದೆ, ಸಂಬಳ ಎರಡು ತಿಂಗಳು ತಡವಾಗಿತ್ತು, ಬ್ಯಾಂಕಿನ ತೊಂದರೆ ಅಂತ ಬರೆದಿದ್ದಾರೆ. ಮಾನ್ವಿ ಮೇಷ್ಟ್ರೇ, ಯುಗಾದಿಗೆ ಶಾವಿಗೆ ಹೊಸೆಯುತ್ತೇವೆ, ಅದರ ದುಡ್ಡು ನಿಮ್ಮ ಊರಿನ ಹುಡುಗಿಯರ ಬಸ್ ಪಾಸಿಗೆ. ಒಂದು ಫೋನ್ ಮಾಡಿ ಮಾತಾಡೋಣ.

ಹೇಳಬೇಕಾದ್ದು ಒಂದಿದೆ. ಬಳಗದ ವಾಟ್ಸಾಪ್ ಗ್ರೂಪಿಗೆ ನಾನು ಮಹಡಿಯ ಹುಡುಗಿಯ ತಂಗಿಯ ಫೋಟೋ ಹಾಕಿದ್ದೆ. ಕೇಳಿ ತರಿಸಿಕೊಂಡಿದ್ದೆ, ಅವಳು ಸಂಕೋಚದಿಂದಲೇ ಕಳಿಸಿದ್ದಳು ಅಂತ ಈಗ ಅನಿಸುತ್ತದೆ. ನಿನ್ನೆ ಸಂಜೆ ಅದನ್ನು ತೆಗೆದೆ. 22 ಜನಕ್ಕೂ ಫೋನ್ ಮಾಡಿ ಅವರವರ ಮೊಬೈಲಿನಿಂದಲೂ ಅಳಿಸಿದೆವು, ಇಬ್ಬರ ಮಕ್ಕಳು ಬಂದು ಅಳಿಸಿಕೊಟ್ಟರು. ಆಮೇಲೆ ಅವಳಿಗೆ ಮೆಸೇಜ್ ಮಾಡಿ ಹೇಳಿದೆ. ತುಂಬಾ ಹೊತ್ತು ಉತ್ತರ ಬರಲಿಲ್ಲ. ರಾತ್ರಿ ಬಂತು. "ಥ್ಯಾಂಕ್ಯೂ ಆಂಟಿ. ಅವಳು ಇವತ್ತು ರೇಡಿಯೋ ಕೇಳಿ ನಾಲ್ಕು ಪುಟ ಬರೆದಳಂತೆ."

ಗ್ರೂಪಿನ ಫೋಟೋ ಈಗ ತಾರಸಿಯ ಮೇಲೆ ಸಂಡಿಗೆ ಒಣಹಾಕಿದ ಚಾಪೆ.